‘ಇಲ್ಲ’ ಎಲ್ಲಿ ಹೋಯಿತು?

ಹೋದ ಫೆಬ್ರುವರಿಯ ಒಂದು ಮುಂಜಾನೆ ನಮ್ಮ ಓದುಗರಾದ ಕಾಕಾ ಒಬ್ಬರು ಫೋನ್ ಮಾಡಿದರು. ‘ತಮ್ಮಾ, ಹರಾಜು ಐತಿ ಅಂತ ನೀವ ಹಾಕೀರಿ. ಮೆಣಸಿನಕಾಯಿ ಚೀಲ ಹೇರ್ಕೊಂಡು ಅಮರಗೋಳಕ್ಕ ಬಂದೇನಿ, ಇಲ್ಲಿ ಒಬ್ಬರೂ ಇಲ್ಲ. ಗಾಡಿ ಬಾಡಿಗಿ ಯಾರು ಕೊಡ್ತೀರಿ?’

ನಾವು ಬರೆದದ್ದು ‘ಅಮರಗೋಳ ಎಪಿಎಂಸಿಯಲ್ಲಿ ನಾಳೆ ಒಣಮೆಣಸಿನಕಾಯಿ ಹರಾಜು ಇಲ್ಲ’ ಎಂದೇ. ವಿದ್ಯಾನಗರದ ನಮ್ಮ ಬಾಡಿಗೆ ಕೋಣೆಯ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಕಾಣುತ್ತಿತ್ತು. ಕಾಕಾ ಮಾತ್ರ ಚಾಳೀಸು ಇಲ್ಲದೆ ಓದಲು ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಅವರ ಪರದೆಯಲ್ಲಿ ಶೀರ್ಷಿಕೆ ಎರಡು ಸಾಲಿಗೇ ನಿಂತು, ‘ಹರಾಜು’ ಆದಮೇಲೆ ಮೂರು ಚುಕ್ಕಿ ಬಂದಿತ್ತು.

ತಪ್ಪು ನಮ್ಮದೇ. ಫೋಟೊ, ಶೀರ್ಷಿಕೆ, ತಾರೀಖು, ‘ಹಂಚಿಕೊಳ್ಳಿ’ ಬಟನ್ ಇರುವ ಆ ಚೌಕಕ್ಕೆ ವೆಬ್ ಕೆಲಸದವರು ಕಾರ್ಡ್ ಎನ್ನುತ್ತಾರೆ. ನಾವು ಅದನ್ನು ಇಂಗ್ಲಿಷ್ ಮಾದರಿಯೊಂದರಿಂದ ಎತ್ತಿಕೊಂಡಿದ್ದೆವು. ಎತ್ತರ ಇಷ್ಟೇ, ಸಾಲು ಎರಡೇ. ಇಂಗ್ಲಿಷಿನಲ್ಲಿ ‘ನೋ’ ಮೊದಲೇ ಬಂದುಬಿಡುತ್ತದೆ, ಬಾಲ ಕತ್ತರಿಸಿದರೂ ಅರ್ಥ ಉಳಿದೀತು. ನಮ್ಮಲ್ಲಿ ಐತೋ ಇಲ್ಲೋ ಅನ್ನುವುದು ಇರುವುದೇ ಬಾಲದಲ್ಲಿ. ಸಾಲುಗಳು ಒತ್ತೊತ್ತಾಗಿದ್ದು ‘ರಾಷ್ಟ್ರ’ದಂಥ ಪದದ ಒತ್ತಕ್ಷರವೂ ಅರ್ಧ ಮಾಯವಾಗುತ್ತಿತ್ತು.

ತಿದ್ದಲು ಕೂತರೆ ಇನ್ನೊಂದು ಫಜೀತಿ. ಅದೇ ಕಾರ್ಡನ್ನು ಮುಖಪುಟ, ಕೃಷಿ, ಹವಾಮಾನ ಅಂತ 9 ಕಡೆ ನಕಲು ಮಾಡಿ ಅಂಟಿಸಿದ್ದೆವು. ಒಂದು ಕಡೆ ಸರಿಯಾದರೆ ಎಂಟು ಕಡೆ ಹಳೇ ರೋಗ. ಒಮ್ಮೆ ಬರೆದು ಬೇಕಾದಲ್ಲೆಲ್ಲ ಬಳಸುವ ತುಂಡಿಗೆ ಕಾಂಪೊನೆಂಟ್ ಎನ್ನುತ್ತಾರಂತೆ. ಫೇಸ್‌ಬುಕ್ 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ‘ರಿಯಾಕ್ಟ್’ ಇರುವುದೇ ಇಂಥ ತುಂಡುಗಳನ್ನು ಕಟ್ಟಲು. ಪತ್ರಿಕೋದ್ಯಮ ಓದಿದ ನಮಗೆ ಇದೆಲ್ಲಿಂದ ತಿಳಿಯಬೇಕು? ಪುಣ್ಯಕ್ಕೆ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವವರಿಗೆ ಬರವಿಲ್ಲ. 1947ರಲ್ಲಿ ಬಿವಿಬಿ ಕಾಲೇಜಾಗಿ ಶುರುವಾದ, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲೇ ಇದೆ. ಓಣಿಯ ಗೆಳತಿಯೊಬ್ಬಳು ಬಂದು ನೋಡಿ ನಕ್ಕಳು. ‘ಅಳತಿ ಪ್ಯಾಂಟ್ ಹೊಲದೀರಿ. ಲಾಡಿ ಪಾಯಜಾಮ ಹೊಲೀರಿ, ಯಾರ ಸೊಂಟಕ್ಕಾದ್ರೂ ಕೂಡಬೇಕು.’

ಮೂರು ವಾರ ಹಿಡಿಯಿತು. ಈಗ ಕಾರ್ಡ್ ಒಂದೇ ಕಡೆ ಇದೆ. ಎತ್ತರಕ್ಕೆ ಮಿತಿಯಿಲ್ಲ, ಸಾಲು ಎಷ್ಟಾದರೂ ಆಗಲಿ. ಬಟನ್ ಪದದಷ್ಟು ಅಗಲವಾಗುತ್ತದೆ. ಫೋಟೊ ಇಲ್ಲದಿದ್ದರೆ ಖಾಲಿ ಜಾಗವೂ ಇಲ್ಲ. ಮುಖಪುಟದಲ್ಲಿ ಒಂದು ಕಾರ್ಡ್ ಗಿಡ್ಡ, ಇನ್ನೊಂದು ಉದ್ದ. ನಮ್ಮಲ್ಲೇ ಇಬ್ಬರಿಗೆ ಅದು ಇನ್ನೂ ಸೇರಿಲ್ಲ. ಇರಲಿ.

ಗಾಡಿ ಬಾಡಿಗೆ ಕೊಡಲು ಕಾಕಾ ಅವರ ಊರಿಗೆ ಹೋದೆವು. ತೆಗೆದುಕೊಳ್ಳಲಿಲ್ಲ. ಅವರ ಫೋನಿನಲ್ಲೇ ಹೊಸ ಕಾರ್ಡ್ ತೆರೆದು ತೋರಿಸಿದೆವು. ‘ಹಾಂ, ಈಗ ಇಲ್ಲ ಅನ್ನೂದು ಕಾಣ್ತೈತಿ’ ಅಂದರು. ಆಮೇಲೆ ‘ಹಂಚಿಕೊಳ್ಳಿ’ ಬಟನ್ ತಮ್ಮ ಹೆಬ್ಬೆರಳಿಗೆ ಸಣ್ಣದಾಗಿದೆ ಎಂದು ಒತ್ತಿ ಒತ್ತಿ ತೋರಿಸಿದರು. ವಾಪಸ್ ಬಂದು ಅದನ್ನೂ ತಿದ್ದಿದೆವು, ಒಂದೇ ಕಡೆ.