ತೋಡೂರಿನ ಜಗಲಿಯಲ್ಲಿ ಟೈಟನ್ಸ್

ಮಳೆ ಅಡ್ಡ ಬಡಿಯುತ್ತಿದೆ. ವಾಲಿಬಾಲ್ ಕೋರ್ಟು ಕೆಸರುಗದ್ದೆಯಾಗಿದೆ. ನೆಟ್ಟನ್ನು ಬಿಚ್ಚಿ ಜಗಲಿಯ ಮೂಲೆಗೆ ಒಗೆದಿದ್ದಾರೆ. ತೋಡೂರಿನ ಸೀಬರ್ಡ್ ನಿರಾಶ್ರಿತರ ಕಾಲೊನಿಯ ಈ ಮನೆಯಲ್ಲಿ ನೀವೂ ಚಾಪೆಯ ಒಂದು ತುದಿ ಹಿಡಿದು ಕೂತಿದ್ದೀರಿ. ಮುಂದೆ ಎಂಟು ಹತ್ತು ಹುಡುಗರು. ಇವರ ಅಪ್ಪ-ಅಜ್ಜಂದಿರು ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟು ಬಂದವರು. ಕಂಬಕ್ಕೊರಗಿದವನೊಬ್ಬ ಮಾತ್ರ ಹೊರಗಿನವನು. ಯಲ್ಲಾಪುರ ಕಡೆಯ ಸಿದ್ದಿ ಹುಡುಗ, ಕಾರವಾರದಲ್ಲಿ ಓದುತ್ತಾನೆ, ಈ ಟೀಮಿನ ಸ್ಮ್ಯಾಷರ್. ಮಾಸ್ತರ್ರು ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು 2000ನೇ ಇಸವಿಯ ‘ರಿಮೆಂಬರ್ ದ ಟೈಟನ್ಸ್’ ಹಚ್ಚುತ್ತಾರೆ.

‘ಇದೆಂತಾ ಫುಟ್‌ಬಾಲು ಸರ್? ಬಾಲು ಕೈಯಲ್ಲೇ ಹಿಡ್ಕಂಡು ಓಡ್ತಾರಲ್ಲ!’

‘ಕಬಡ್ಡಿ ಅಂತ ತಿಳ್ಕೊ ಮಾರಾಯ. ಸುಮ್ನೆ ನೋಡು.’

1971. ಅಮೆರಿಕದ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಪಟ್ಟಣ. ಟಿ.ಸಿ. ವಿಲಿಯಮ್ಸ್ ಹೈಸ್ಕೂಲಿನ ತಂಡಕ್ಕೆ ಹರ್ಮನ್ ಬೂನ್ ಎಂಬ ಕಪ್ಪು ಕೋಚ್ ಬಂದಿದ್ದಾನೆ. ಆ ಜಾಗ ತನ್ನದೇ ಎಂದುಕೊಂಡಿದ್ದ ಬಿಳಿಯ ಕೋಚ್ ಬಿಲ್ ಯೋಸ್ಟ್ ಅವನ ಕೈಕೆಳಗೆ. ಶಿಬಿರಕ್ಕೆ ಹೊರಡಬೇಕು. ಬಿಳಿಯರು ಒಂದು ಬಸ್ಸು, ಕರಿಯರು ಇನ್ನೊಂದು ಬಸ್ಸು ಹತ್ತಿ ಕೂತಾಗಿದೆ. ಬೂನ್ ಪಾತ್ರದ ಡೆಂಜೆಲ್ ವಾಷಿಂಗ್ಟನ್ ಎಲ್ಲರನ್ನೂ ಇಳಿಸುತ್ತಾನೆ. ದಾಳಿಯ ಆಟಗಾರರಿಗೆ ಒಂದು ಬಸ್ಸು, ತಡೆಯುವವರಿಗೆ ಮತ್ತೊಂದು. ಪಕ್ಕದ ಸೀಟಿನವನೇ ಶಿಬಿರದ ಕೋಣೆಯಲ್ಲೂ ಜೊತೆಗಾರ. ಭಾಷಣವಿಲ್ಲ, ಬರೀ ಸೀಟು ಬದಲು. ಸಿನಿಮಾದ ಗಟ್ಟಿ ಜಾಗ ನನಗೆ ಇದೇ.

ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪಿನ ಬೆಳಕಷ್ಟೇ ಮುಖಗಳ ಮೇಲೆ. ಒಳಗಿಂದ ಹಲಸಿನ ಹಪ್ಪಳದ ಬುಟ್ಟಿ ಬರುತ್ತದೆ. ಒಂದೊಂದು ಮುರಿದ ಸದ್ದೂ ಪಕ್ಕಾ ಕೇಳುತ್ತದೆ. ತೆರೆಯ ಮೇಲೆ ನಸುಕಿನ ಕತ್ತಲಲ್ಲಿ ಹುಡುಗರು ಏದುಸಿರು ಬಿಡುತ್ತ ಓಡುತ್ತಿದ್ದಾರೆ. ನಿಂತದ್ದು ಗೆಟ್ಟಿಸ್‌ಬರ್ಗ್‌ನ ಸ್ಮಶಾನದಲ್ಲಿ. 1863ರಲ್ಲಿ ಅಮೆರಿಕನ್ನರೇ ಅಮೆರಿಕನ್ನರನ್ನು ಕೊಂದ ನೆಲ. ನಾವಿನ್ನೂ ಅದೇ ಜಗಳ ಆಡ್ತಿದ್ದೇವೆ ಎನ್ನುವ ಧಾಟಿಯಲ್ಲಿ ಕೋಚ್ ಮಾತಾಡುತ್ತಾನೆ. ಹಪ್ಪಳದ ಸದ್ದು ನಿಂತಿದೆ.

ಮಾಸ್ತರ್ರು ಸಿನಿಮಾ ನಿಲ್ಲಿಸಿ ಕಂಬದ ಕಡೆ ತಿರುಗುತ್ತಾರೆ. ‘ನಿಮ್ಮ ಬದಿಯವ್ರನ್ನೂ ಕರ್ಕಂಡು ಹೋಗಿದ್ರಲ್ಲ, ಅಲ್ವನಾ ತಮಾ?’

‘ಹೌದು ಸರ್. ಸಾಯಿ ಹಾಸ್ಟೆಲ್ಲಿಗೆ. ಓಡೂಕೆ.’

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಪ್ಪು ಅಥ್ಲೀಟ್ ಕಾರ್ಲ್ ಲೂಯಿಸ್ ನಾಲ್ಕು ಚಿನ್ನ ಗೆದ್ದ. ಭಾರತಕ್ಕೆ ಒಂದು ಕಂಚೂ ಇಲ್ಲ. ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯಲ್ಲಿದ್ದ ಕಾಲದಲ್ಲಿ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ (ಸಾಯಿ) ಸಿದ್ದಿ ಮಕ್ಕಳನ್ನು ಆರಿಸಲು ಕಾಡಿನ ಊರುಗಳಿಗೆ ಬಂತು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕಾದ ಗುಲಾಮರಲ್ಲಿ ತಪ್ಪಿಸಿಕೊಂಡವರು ನಮ್ಮ ಘಟ್ಟ ಸೇರಿದ್ದರಷ್ಟೆ. ಅವರ ವಂಶದವರ ಮೈಯಲ್ಲಿ ಪದಕ ಇದೆ ಎಂಬುದು ದಿಲ್ಲಿಯ ಲೆಕ್ಕ. ಕೊಂಕಣಿ, ಕನ್ನಡ ಆಡುವ ಮಕ್ಕಳು ಹಾಸ್ಟೆಲ್ಲು, ಶೂ, ಟ್ರ್ಯಾಕು ಕಂಡರು. ಕಮಲಾ ಸಿದ್ದಿಯಂಥವರು ಹೆಸರು ಮಾಡಿದರು. 1993ಕ್ಕೆ ಯೋಜನೆ ನಿಂತಿತು. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು ಮತ್ತೂ ಹತ್ತು ವರ್ಷ, 2003ರ ತನಕ ಕಾಯಬೇಕಾಯಿತು. ಬೂನ್ ಹುಡುಗರನ್ನು ಬೆರೆಸಿದ. ನಮ್ಮವರು ಆರಿಸಿದರು, ಅಷ್ಟೇ. ಆರಿಸಿಕೊಂಡವನಿಗೆ ಬಿಡುವುದೂ ಸುಲಭ.

‘ಈಗ್ಲೂ ಬಸ್ಸಲ್ಲಿ ನಂಗೆ ಹಿಂದಿಯಲ್ಲೇ ಮಾತಾಡಿಸ್ತ್ರು,’ ಎನ್ನುತ್ತಾನೆ ಹುಡುಗ. ‘ಇಲ್ಲಾ ಇಂಗ್ಲಿಷು. ಯಾವ ದೇಶ ಅಂತ.’

‘ಏನ್ ಹೇಳ್ತೆ?’

‘ಯಲ್ಲಾಪುರ ಅಂತೆ.’

ಚಾಪೆಯ ಮೇಲೆ ನಗು. ಅವನೂ ನಗುತ್ತಾನೆ, ಸ್ವಲ್ಪ ತಡವಾಗಿ.

ಸಿನಿಮಾ ಮುಂದುವರಿಯುತ್ತದೆ. ಶಿಬಿರದಲ್ಲಿ ದೋಸ್ತಿಯಾದವರು ಊರಿಗೆ ಬಂದರೆ ಬಿಳಿಯ ನಾಯಕ ಗೆರಿ ಬರ್ಟಿಯರ್‌ನ ತಾಯಿಗೆ ಮಗನ ಕಪ್ಪು ಗೆಳೆಯ ಜೂಲಿಯಸ್ ಬೇಡ. ಗೆರಿಗೆ ಕಾರು ಅಪಘಾತ, ಆಸ್ಪತ್ರೆ, ಆಮೇಲೆ ಉಸಿರು ಬಿಗಿಹಿಡಿಸುವ ಫೈನಲ್. ಇಲ್ಲಿ ನಿರ್ದೇಶಕ ಬೋವಜ್ ಯಾಕಿನ್ ಮಸಾಲೆ ಹೆಚ್ಚೇ ಹಾಕಿದ್ದಾನೆ. ನಿಜದಲ್ಲಿ ಅಪಘಾತ ಆದದ್ದು ಸೀಸನ್ ಮುಗಿದ ಮೇಲೆ. ಫೈನಲ್ಲೂ ಏಕಪಕ್ಷೀಯ, ಟೈಟನ್ಸ್ 27, ಎದುರಾಳಿ ಸೊನ್ನೆ. ಹದಿಮೂರಕ್ಕೆ ಹದಿಮೂರೂ ಗೆದ್ದ ತಂಡ ಅದು. ಆ ಶಾಲೆಯಲ್ಲಿ ಕಪ್ಪು-ಬಿಳಿ ಮಕ್ಕಳು 1971ಕ್ಕೂ ಮೊದಲೇ ಒಟ್ಟಿಗೆ ಓದುತ್ತಿದ್ದರು; ಆ ವರ್ಷ ಆದದ್ದು ಊರಿನ ಹೈಸ್ಕೂಲುಗಳ ವಿಲೀನ.

ಇದನ್ನೆಲ್ಲ ಮಾಸ್ತರ್ರು ಹೇಳುವಷ್ಟರಲ್ಲಿ ಕರೆಂಟು ಬರುತ್ತದೆ. ಚಿಕ್ಕವನೊಬ್ಬ ಕೇಳುತ್ತಾನೆ: ‘ಸೋತಿದ್ರೆ ಪಿಚ್ಚರ್ ಮಾಡ್ತಿದ್ರಾ ಸರ್?’

‘ಇಲ್ಲ.’

‘ಹಾಂಗಾರೆ ಆ ಊರವ್ರು?’

ಮಾಸ್ತರ್ರು ತಲೆ ಕೆರೆದುಕೊಳ್ಳುತ್ತಾರೆ. ಕಂಬದ ಹುಡುಗನೇ ಉತ್ತರ ಕೊಡುತ್ತಾನೆ. ‘ಅಂಕೋಲೆ ಟೂರ್ನಮೆಂಟಲ್ಲಿ ನಾವು ಮೊದಲ್ನೇ ಸುತ್ತಲ್ಲೇ ಸೋತ್ವಲ್ಲ. ನಂಗೆ ಮತ್ತೆ ಕರದ್ರಿ.’

‘ನೀನು ಬಿಟ್ರೆ ಹೊಡೆಯೂಕೆ ಯಾರಿದ್ರೋ?’ ಎಂದು ಒಬ್ಬ. ‘ಸರ್ವ್ ಮಾತ್ರ ನಿಂಗೆ ಬೇಡ,’ ಎಂದು ಇನ್ನೊಬ್ಬ. ಜಗಳ ಶುರುವಾಗುತ್ತದೆ, ಯಾರ ಸರ್ವಿನಿಂದ ಎಷ್ಟು ಪಾಯಿಂಟು ಹೋಯಿತು ಎಂದು.