ಹಿಂದಿನ ಗಾಲಿ ತಿರುಗುವ ಸೋಜಿಗ

ದಾಬಸ್‌ಪೇಟೆ ದಾಟಿ ತುಮಕೂರಿನ ಕಡೆ ಹೊರಟರೆ ಹೆದ್ದಾರಿಯ ಪಕ್ಕ ಅಲ್ಲಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗಗಳಿವೆ. ಕ್ಯಾತ್ಸಂದ್ರ ಇನ್ನೂ ಬರಬೇಕು ಅನ್ನುವಾಗ ಅಂಥದೊಂದು ಕಡೆ ಗಾಳಿಯಂತ್ರದ ರೆಕ್ಕೆಯೊಂದು ಟ್ರೇಲರಿನ ಮೇಲೆ ಮಲಗಿತ್ತು. ಕಾರು ನಿಲ್ಲಿಸಿ ಇಳಿದೆ. ರೆಕ್ಕೆಯ ಬುಡ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ತುದಿ ಎಲ್ಲಿದೆಯೆಂದು ನೋಡಲು ನಡೆದೇ ಹೋಗಬೇಕಾಯಿತು. ಅರವತ್ತು ಮೀಟರಿಗೂ ಮೀರಿದ ಒಂದೇ ತುಂಡು. ಅದು ಚಿತ್ರದುರ್ಗದ ಗುಡ್ಡ ಹತ್ತಬೇಕು. ಎಲ್‌ಎಂ ವಿಂಡ್ ಪವರ್‌ನವರು ಇಂಥ ರೆಕ್ಕೆ ತಯಾರಿಸಿದ ಕಾರ್ಖಾನೆ ದಾಬಸ್‌ಪೇಟೆಯಲ್ಲೇ ಇರುವುದರಿಂದ ಈ ದಾರಿಯ ಜನಕ್ಕೆ ಇದು ಹೊಸದೇನಲ್ಲ. ಟೀ ಅಂಗಡಿಯವರು ತಲೆ ಎತ್ತಿಯೂ ನೋಡಲಿಲ್ಲ. ನನಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ.

ಆಮೇಲೆ ರೆಕ್ಕೆಯನ್ನು ಬಿಟ್ಟು ಅದರ ಕೆಳಗಿನದನ್ನು ನೋಡತೊಡಗಿದೆ. ಮುಂದೆ ಎಳೆಯುವ ಗಾಡಿ. ಅಲ್ಲಿಂದ ಹಿಂದಕ್ಕೆ ಬಹುದೂರದವರೆಗೆ ಗಾಲಿಯೇ ಇಲ್ಲ, ಬರೀ ಉಕ್ಕಿನ ತೊಲೆ. ತೀರಾ ಹಿಂದೆ ಒಂದಷ್ಟು ಗಾಲಿಗಳ ಗುಂಪು. ಆ ಗುಂಪಿನ ಪಕ್ಕ ಶಿರಾ ಕಡೆಯ ಹುಡುಗನೊಬ್ಬ ಕೊರಳಿಗೆ ರಿಮೋಟ್ ಪೆಟ್ಟಿಗೆ ನೇತುಹಾಕಿಕೊಂಡು ಕೂತಿದ್ದ.

“ಮುಂದೆ ಇರೋ ಡ್ರೈವರ್‌ಗೆ ಹಿಂದ್ಗಡೆ ಏನೂ ಕಾಣಲ್ಲ ಸಾರ್. ಹಿಂದಿನ ಗಾಲಿ ನನ್ ಜವಾಬ್ದಾರಿ. ಅವ್ರು ಎಡಕ್ಕೆ ತಿರುಗಿದ್ರೆ ನಾನು ಗಾಲಿನ ಬಲಕ್ಕೆ ತಿರುಗಿಸ್ತೀನಿ,” ಅಂದ.

ಯಾಕಪ್ಪಾ ಉಲ್ಟಾ ಅಂದೆ. ಬಾಯಲ್ಲಿ ಹೇಳುವ ಬದಲು ಎದ್ದುನಿಂತು ಸಣ್ಣ ಡೀಸೆಲ್ ಎಂಜಿನ್ ಚಾಲೂ ಮಾಡಿ ಪೆಟ್ಟಿಗೆಯ ಕಡ್ಡಿಯನ್ನು ಬೆರಳಲ್ಲಿ ಒತ್ತಿದ. ಅಷ್ಟು ಭಾರ ಹೊತ್ತ ಗಾಲಿಗಳು ಜಲ್ಲಿಕಲ್ಲು ಅರೆಯುತ್ತಾ, ನಿಂತಲ್ಲೇ, ಮೆಲ್ಲಗೆ ಓರೆಯಾದವು. ಮೊದಲ ಆಕ್ಸಲ್ ಸ್ವಲ್ಪ ಓರೆ, ಅದರ ಹಿಂದಿನದು ಇನ್ನೂ ಸ್ವಲ್ಪ ಹೆಚ್ಚು, ಕೊನೆಯದು ಎಲ್ಲಕ್ಕಿಂತ ಹೆಚ್ಚು. ಒಂದರಂತೆ ಇನ್ನೊಂದಿಲ್ಲ!

ಇದರ ಹಿಂದಿರುವ ಲೆಕ್ಕ ಹಳೆಯದು. ಗಾಡಿ ತಿರುಗುವಾಗ ಅದರ ಎಲ್ಲ ಗಾಲಿಗಳೂ ಒಂದೇ ಕೇಂದ್ರದ ಸುತ್ತ ಸುತ್ತಬೇಕು. ಒಳಬದಿಯ ಗಾಲಿಯದು ಚಿಕ್ಕ ವೃತ್ತ, ಹೊರಬದಿಯದು ದೊಡ್ಡದು. ಹಾಗಾಗಿ ಎರಡನ್ನೂ ಒಂದೇ ಕೋನಕ್ಕೆ ತಿರುಗಿಸಿದರೆ ಒಂದು ಗಾಲಿ ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ. ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಇದಕ್ಕೊಂದು ಜೋಡಣೆ ಕಂಡುಹಿಡಿದ. ರುಡಾಲ್ಫ್ ಆಕರ್ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೆಸರೂ ಆಕರ್ಮನ್‌ನದೇ ಉಳಿಯಿತು. ಕುದುರೆ ಗಾಡಿಗಾಗಿ ಹುಟ್ಟಿದ ಈ ರೇಖಾಗಣಿತ ತುಮಕೂರಿನ ಹೆದ್ದಾರಿ ಪಕ್ಕದ ಜಲ್ಲಿಯ ಮೇಲೆ, ಹುಡುಗನೊಬ್ಬನ ಹೆಬ್ಬೆರಳಿನಡಿ ಕೆಲಸ ಮಾಡುತ್ತಿತ್ತು.

ಹಿಂದಿನ ಗಾಲಿ ತಿರುಗದಿದ್ದರೆ ಏನಾಗುತ್ತದೆ? ಮಾಮೂಲಿ ಟ್ರೇಲರಿನ ಲೆಕ್ಕವನ್ನೇ ನೋಡಿ. ಎಳೆಯುವ ಗಾಡಿಗೆ ಟ್ರೇಲರನ್ನು ಸೇರಿಸುವ ಕಿಂಗ್‌ಪಿನ್ನಿನಿಂದ ಹಿಂದಿನ ಆಕ್ಸಲ್‌ಗಳಿಗೆ ಹತ್ತು ಮೀಟರ್ ಅಂತರವಿದೆ ಅನ್ನಿ. ಕಿಂಗ್‌ಪಿನ್ನು ಹದಿನೈದು ಮೀಟರ್ ತ್ರಿಜ್ಯದ ಸುತ್ತು ಹಾಕಿದರೆ ಹಿಂದಿನ ಗಾಲಿಗಳು ಹನ್ನೊಂದು ಮೀಟರ್ ಚಿಲ್ಲರೆಯ ಸುತ್ತಿಗೆ ಬಂದುಬಿಡುತ್ತವೆ. ಅಂದರೆ ಹತ್ತಿರ ಹತ್ತಿರ ನಾಲ್ಕು ಮೀಟರ್ ಒಳಕ್ಕೆ. ಹೆದ್ದಾರಿಯ ಒಂದು ಪಥದ ಅಗಲವೇ ಮೂರೂವರೆ ಮೀಟರ್. ಆ ನಾಲ್ಕು ಮೀಟರಿನೊಳಗೆ ನಮ್ಮ ಊರುಗಳಲ್ಲಿ ಹೂವಿನ ಅಂಗಡಿ, ಅರಳಿಕಟ್ಟೆ, ಬಸ್ಸಿಗೆ ಕಾಯುವವರು ಎಲ್ಲರೂ ಇರುತ್ತಾರೆ. ಹಿಂದಿನ ಗಾಲಿ ತಿರುಗಿಸಲು ಯಾರು ಮೊದಲು ತಲೆ ಓಡಿಸಿದರೋ ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಲೆಕ್ಕ ಹಾಕಿದಾಗ.

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ ಹೋದೆ. ತೆಂಗು, ಅಡಿಕೆ ಎರಡೂ ಕಡೆ. ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ತಾಲ್ಲೂಕಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ ಗುಬ್ಬಿ ವೀರಣ್ಣನವರಿಂದಾಗಿ ನಮಗೆ ಅದಕ್ಕೂ ಮೊದಲೇ ಗೊತ್ತಿತ್ತು.

ನಾನು ಗುಬ್ಬಿಗೆ ಹೋದದ್ದು ಚನ್ನಬಸವೇಶ್ವರ ಸ್ವಾಮಿಯ ಗುಡಿಗೆ, ತೇರಿನ ವಿಚಾರ ತಿಳಿಯುವುದಕ್ಕೆ. ನಮ್ಮ ತೇರುಗಳಿಗೆ ಸ್ಟೀರಿಂಗ್ ಇಲ್ಲ. ಅಚ್ಚು ಗಟ್ಟಿಯಾಗಿ ಕೂತದ್ದು, ಅಲುಗುವುದಿಲ್ಲ. ತೇರಿನ ದಿಕ್ಕು ಬದಲಿಸುವವರು ಹಗ್ಗ ಎಳೆಯುವ ನೂರಾರು ಜನರಲ್ಲ, ಗಾಲಿಯ ಪಕ್ಕದಲ್ಲೇ ಬಗ್ಗಿಕೊಂಡು ಓಡುವ ಸನ್ನೆ ಹಾಕುವವರು. ಉರುಳುವ ಗಾಲಿಯ ಅಡಿಗೆ ಮರದ ತುಂಡನ್ನು ಓರೆಯಾಗಿ ಕೊಟ್ಟು, ಒಂದು ಬದಿಯನ್ನು ತಡೆದು, ಇನ್ನೊಂದು ಬದಿ ಮುಂದೆ ಸಾಗುವಂತೆ ಮಾಡುತ್ತಾರೆ. ಗಾಲಿ ನೆಲದ ಮೇಲೆ ಜಾರಿಯೇ ತಿರುಗಬೇಕು. ಕೈ ಒಂದು ಕ್ಷಣ ತಡವಾದರೆ ಪ್ರಾಣಕ್ಕೇ ಸಂಚಕಾರ. ಶಿರಾದ ಹುಡುಗ ನೆನಪಾದ. ಅವನೂ ಗಾಲಿಯ ಪಕ್ಕದಲ್ಲೇ ನಡೆಯುವವನು, ಅವನ ಕೆಲಸವೂ ಅದೇ.

ಊರಾಚೆ ಒಂದು ಗ್ಯಾರೇಜಿನಲ್ಲಿ ಮೂರು ಆಕ್ಸಲ್ಲಿನ ಟ್ರೇಲರಿನ ಟೈರು ಬಿಚ್ಚಿಟ್ಟಿದ್ದರು. ಮೇಸ್ತ್ರಿ ನನ್ನ ಕೈ ಹಿಡಿದು ಟೈರಿನ ಮೇಲೆ ಅಡ್ಡಡ್ಡ ಆಡಿಸಿದರು. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು. ಒಳಗಿನಿಂದ ಹೊರಕ್ಕೆ ಸವರಿದರೆ ಗರಗರ, ಒಂದೊಂದು ಪಟ್ಟಿಯ ಅಂಚೂ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. “ಇದು ಓಡಿ ಸವೆದಿದ್ದಲ್ಲ, ಎಳೆದು ಸವೆದಿದ್ದು. ತಿರುವಲ್ಲಿ ಮೂರು ಆಕ್ಸಲ್ಲೂ ಒಂದೇ ಕಡೆ ತಿರುಗಕ್ಕಾಗಲ್ಲ. ನಡುವಿಂದು ಉರುಳ್ತದೆ, ಹಿಂದಿಂದು ಮುಂದಿಂದು ಅಡ್ಡಡ್ಡ ಎಳ್ಕೊಂಡು ಹೋಗ್ತವೆ,” ಅಂದರು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಇಂಥ ಮೂರು ಆಕ್ಸಲ್ ಜೋಡಣೆಯ ಮಿತಿಯನ್ನು 24 ಟನ್ನಿನಿಂದ 27 ಟನ್ನಿಗೆ ಏರಿಸಿತು. ಭಾರ ಏರಿದಷ್ಟೂ ಈ ಉಜ್ಜಾಟವೂ ಏರುತ್ತದೆ. ಟೈರೂ ಸವೆಯುತ್ತದೆ, ಡಾಂಬರೂ ಕಿತ್ತು ಬರುತ್ತದೆ.

ಇದಕ್ಕೆ ಕಂಡುಕೊಂಡ ಎರಡು ಉಪಾಯಗಳು ನನಗೆ ಬಹಳ ಹಿಡಿಸಿದವು. ಒಂದು, ತಾನಾಗಿ ತಿರುಗುವ ಆಕ್ಸಲ್. ಗಾಲಿ ತಿರುಗುವ ಪಿನ್ನನ್ನು ಗಾಲಿಯ ನಡುವಿಗಿಂತ ಸ್ವಲ್ಪ ಮುಂದೆ ಇಟ್ಟುಬಿಟ್ಟರೆ ಸಾಕು, ರಸ್ತೆಯ ಎಳೆತವೇ ಗಾಲಿಯನ್ನು ಹೋಗಬೇಕಾದ ಕಡೆ ತಿರುಗಿಸುತ್ತದೆ. ರಿವರ್ಸ್ ಹಾಕುವಾಗ ಮಾತ್ರ ಅದನ್ನು ಲಾಕ್ ಮಾಡಬೇಕು, ಇಲ್ಲದಿದ್ದರೆ ತಪ್ಪು ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಇನ್ನೊಂದು, ಎಳೆಯುವ ಗಾಡಿಯ ಫಿಫ್ತ್ ವೀಲಿನ, ಅಂದರೆ ಕಿಂಗ್‌ಪಿನ್ನು ಕೂರುವ ತಟ್ಟೆಯ, ಸಂದಿಗೆ ಉಕ್ಕಿನ ಬೆಣೆಯೊಂದನ್ನು ಕೂರಿಸುವುದು. ಮುಂದಿನ ಗಾಡಿ ಎಷ್ಟು ತಿರುಗಿತೋ ಬೆಣೆಯೂ ಅಷ್ಟೇ ತಿರುಗಿ, ಎಣ್ಣೆಯ ಒತ್ತಡದ ಮೂಲಕ ಹಿಂದಿನ ಆಕ್ಸಲ್‌ಗಳಿಗೆ ಸುದ್ದಿ ಮುಟ್ಟಿಸುತ್ತದೆ. ಇದರಲ್ಲಿ ರಿವರ್ಸಿಗೂ ತೊಂದರೆಯಿಲ್ಲ. ನಮ್ಮ ರಸ್ತೆಗಳ ಟ್ರೇಲರುಗಳಲ್ಲಿ ಇವೆರಡೂ ಅಪರೂಪ. ಖರ್ಚು ಜಾಸ್ತಿ ಅನ್ನುತ್ತಾರೆ. ಆ ಟೈರಿನ ಮೇಲೆ ಕೈಯಾಡಿಸಿದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ತುಮಕೂರಿಗೆ ವಾಪಸು ಬಂದು ನಾಗವಲ್ಲಿ, ಹೆಬ್ಬೂರು ದಾಟಿ ಕುಣಿಗಲ್ಲಿಗೆ ಹೋದೆ. ಜನಪದ ಹಾಡು ನಾಡಿಗೆಲ್ಲ ಪರಿಚಯಿಸಿದ ಕೆರೆ, ಟಿಪ್ಪುವಿನ ಕಾಲದ ಕುದುರೆ ಫಾರಂ ಎರಡನ್ನೂ ಕಣ್ಣಲ್ಲೇ ಮಾತಾಡಿಸಿ ಮುಂದೆ ಸಾಗಿದೆ. ಮಂಗಳೂರು ಹೆದ್ದಾರಿಯ ಬದಿಯಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಹೊತ್ತ ಹೈಡ್ರಾಲಿಕ್ ಟ್ರೇಲರ್ ನಿಂತಿತ್ತು. ತುಮಕೂರು ದಾಟಿ ಮಧುಗಿರಿ ಕಡೆ ಹೋಗಬೇಕಂತೆ. ಹನ್ನೆರಡು ಸಾಲು, ಸಾಲಿಗೆ ಎಂಟು ಟೈರು, ಒಟ್ಟು ತೊಂಬತ್ತಾರು. ಸಾಲೊಂದಕ್ಕೆ ಕಾನೂನು ಒಪ್ಪುವ ಭಾರ 18 ಟನ್. ತಿರುವಣ್ಣಾಮಲೈ ಕಡೆಯಿಂದ ಬೆಂಗಳೂರಿನ ಈಜಿಪುರಕ್ಕೆ ವಿಷ್ಣುವಿನ ಬೃಹತ್ ಶಿಲೆ 240 ಗಾಲಿಗಳ ಮೇಲೆ ತಿಂಗಳುಗಟ್ಟಲೆ ಬಂದು 2019ರಲ್ಲಿ ಮುಟ್ಟಿದ್ದನ್ನು ಟಿವಿಯಲ್ಲಿ ಬೆರಗಾಗಿ ನೋಡಿದ್ದೆ. ಅದೇ ಜಾತಿಯ ಗಾಡಿ ಈಗ ಕಣ್ಣೆದುರು.

ಮೊಣಕಾಲೂರಿ ಕೆಳಗೆ ಬಗ್ಗಿ ನೋಡಿದೆ. ಒಂದು ಗಾಲಿ ಹಳ್ಳದಲ್ಲಿ ಇಳಿದು ನಿಂತಿದೆ, ಪಕ್ಕದ್ದು ದಿಬ್ಬದ ಮೇಲಿದೆ, ಮೇಲಿನ ಹಾಸು ಮಾತ್ರ ಮಟ್ಟಸ. ಪ್ರತಿ ಗಾಲಿಜೋಡಿಗೂ ಒಂದೊಂದು ಎಣ್ಣೆಯ ಕೊಳವೆ. ಅವು ಗುಂಪು ಗುಂಪಾಗಿ ಒಂದಕ್ಕೊಂದು ಸೇರಿವೆ. ಒಂದು ಗಾಲಿ ಮೇಲೇರಿದರೆ ಅದರ ಎಣ್ಣೆ ಕೆಳಗಿಳಿದ ಗಾಲಿಯ ಕಡೆ ಹರಿಯುತ್ತದೆ. ಹೀಗಾಗಿ ಯಾವ ಗಾಲಿಯೂ ತನ್ನ ಪಾಲಿಗಿಂತ ಹೆಚ್ಚು ಹೊರುವುದಿಲ್ಲ, ಯಾವುದೂ ಪಾಲು ತಪ್ಪಿಸಿಕೊಳ್ಳುವುದೂ ಇಲ್ಲ.

ಸಂಜೆಗೆ ಪೊಲೀಸರು ವಾಹನಗಳನ್ನು ತಡೆದರು. ಎಳೆಯುವ ಗಾಡಿ ತುಮಕೂರು ರಸ್ತೆಯ ಕಡೆ ಮೂತಿ ತಿರುಗಿಸಿತು. ಮೊದಲ ಆರು ಸಾಲುಗಳು ಒಂದು ಕಡೆ ಓರೆಯಾದವು, ಹಿಂದಿನ ಆರು ಅದಕ್ಕೆ ಎದುರು ದಿಕ್ಕಿಗೆ. ನಡುವಿನವು ಬಹುತೇಕ ನೆಟ್ಟಗೆ. ಮೂಲೆಯ ಹಣ್ಣಿನ ತಳ್ಳುಗಾಡಿಯಾಕೆ ಗಾಡಿ ಸರಿಸಲೋ ಬೇಡವೋ ಎಂದು ನೋಡುತ್ತಿದ್ದರು. “ಇರ್ಲಿ ಬಿಡಮ್ಮಾ, ಸರಿಸ್ಬೇಡ,” ಎಂದು ಪಕ್ಕದಲ್ಲಿ ನಡೆಯುತ್ತಿದ್ದವನು ಕೂಗಿದ. ತೊಂಬತ್ತಾರು ಟೈರುಗಳೂ ಆಕೆಯ ಬಾಳೆಗೊನೆಗೆ ಒಂದು ಮಾರು ದೂರದಲ್ಲಿ, ಕೀರಲು ಸದ್ದೂ ಇಲ್ಲದೆ, ಒಂದರ ಹಿಂದೊಂದು ಹಾದುಹೋದವು.

“ಇದೇನೂ ಅಲ್ಲ ಸಾರ್, ಹೆಬ್ಬೂರಲ್ಲಿ ನೋಡಿ,” ಅಂದ ಅವನು. ನಾನು ಕಾರು ಹತ್ತಿ ಅವರ ಹಿಂದೆಯೇ ಹೊರಟೆ.