ಅವ್ವನ ಚಿತ್ರಕ್ಕೊಂದು ಚೌಕಟ್ಟು

ನಮ್ಮ ಅವ್ವನದೆಂದು ಉಳಿದಿರುವುದು ಒಂದೇ ಭಾವಚಿತ್ರ. ಅದಕ್ಕೆ ಕಟ್ಟು ಹಾಕಿಸಲು ಕೊಟ್ಟೂರಿನ ಅಂಗಡಿಯೊಂದಕ್ಕೆ ಹೋಗಿದ್ದೆನು. ಅಂಗಡಿಯವನು ಹತ್ತಾರು ಪಟ್ಟಿಗಳನ್ನು ಹರವಿದನು. ಹೊನ್ನಬಣ್ಣದ ಅಗಲವಾದ ಒಂದು ಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಸೂರ್ಯಬಿಂಬವೂ ಜೀರುಂಡೆಯೂ ಹೂಗಳ ಸಾಲೂ ಇದ್ದವು. “ಇದು ಈಜಿಪ್ತದ ಮಾದರಿ, ಯಜಮಾನರೇ” ಎಂದನು. ಕಣ್ಣು ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಗೋರಿಗಳ ಅಲಂಕಾರವು ನಮ್ಮ ಪಡಸಾಲೆಗೆ ಬರಬಹುದೆ? ಎರಡು ದಿನದ ಅವಧಿ ಕೇಳಿಕೊಂಡು ಹೊರಟೆನು.

ಆ ಎರಡು ದಿನಗಳಲ್ಲಿ ಹರಪನಹಳ್ಳಿಯ ಬಳಿಯ ಬಾಗಳಿಯನ್ನೂ, ಹಡಗಲಿ ತಾಲೂಕಿನ ಹಿರೇಹಡಗಲಿಯನ್ನೂ ನೋಡಿ ಬಂದೆನು. ಎರಡೂ ಕಡೆಗಳಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರನ ಗುಡಿಗಳಿವೆ. ಬಾಗಳಿಯದು 987ರ ಸುಮಾರಿನದು, ಹಿರೇಹಡಗಲಿಯದು 1057ರದು. ಬಾಗಿಲುವಾಡಗಳಲ್ಲಿ ಒಂದರೊಳಗೊಂದಾಗಿ ಕೊರೆದ ಪಟ್ಟಿಗಳನ್ನು ಎಷ್ಟು ನೋಡಿದರೂ ತೃಪ್ತಿಯಾಗದು. ಆದರೂ ಆ ಕುಸುರಿಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಳಸರಿದು, ದೃಷ್ಟಿಯನ್ನು ಗರ್ಭಗುಡಿಯ ದೇವರೆಡೆಗೇ ಒಯ್ಯುತ್ತದೆ. ಚೌಕಟ್ಟಿನ ಧರ್ಮವು ಇದೇ ಎಂದು ನನಗೆ ಅಲ್ಲಿ ತಿಳಿಯಿತು.

ಇನ್ನು ಈಜಿಪ್ತದ ಮಾತು. 1922ರಲ್ಲಿ ಹೋವರ್ಡ್ ಕಾರ್ಟರನು ತುತಾಂಖಾಮನ್ ಅರಸನ ಗೋರಿಯನ್ನು ಕಂಡುಹಿಡಿದ ಮೇಲೆ ಈ ಚಿತ್ತಾರಗಳು ಒಡವೆ, ಬಟ್ಟೆ, ಪೀಠೋಪಕರಣಗಳ ಮೇಲೆಲ್ಲ ಹರಡಿದವು. ತಾವರೆಯೆಂದು ಹೇಳುವ ಅಲ್ಲಿನ ಹೂವು ನಿಜವಾಗಿ ನೀಲ ನೈದಿಲೆ. ಬೆಳಗ್ಗೆ ಅರಳಿ ಮತ್ತೆ ಮುಚ್ಚಿಕೊಳ್ಳುವ ಅದನ್ನು ಆ ಜನರು ಪುನರ್ಜನ್ಮದ ಗುರುತೆಂದು ಎಣಿಸಿದರು. ಜೀರುಂಡೆಯೂ ಅವರಿಗೆ ಉದಯಸೂರ್ಯನ ಗುರುತೇ. ಹೀಗೆ ಅವು ಸಾವಿನ ಚಿಹ್ನೆಗಳಲ್ಲ, ಸಾವನ್ನು ದಾಟುವ ಹಾರೈಕೆಗಳು. ನನ್ನ ಸಂಕೋಚವು ಕರಗಿತು.

ಆದರೂ ಆ ಅಗಲವಾದ ಪಟ್ಟಿಯನ್ನು ನಾನು ಕೊಳ್ಳಲಿಲ್ಲ. ಗೇಣುದ್ದದ ಚಿತ್ರವನ್ನು ಅದರ ಹೊನ್ನೇ ನುಂಗಿಬಿಡುತ್ತಿತ್ತು. ಮೇಲಾಗಿ, ಒಂದೇ ಪಟ್ಟಿಯನ್ನು ಕತ್ತರಿಸಿ ನಾಲ್ಕು ಕಡೆಗೂ ಜೋಡಿಸುವಾಗ ಮೇಲೆ ನೆಟ್ಟಗಿರುವ ಸೂರ್ಯಬಿಂಬವು ಕೆಳಗೆ ತಲೆಕೆಳಗಾಗುವುದು. ಮೂಲೆಗಳಲ್ಲಿ ಜೀರುಂಡೆಯು ಅರ್ಧಕ್ಕೆ ತುಂಡಾಗುವುದು. ವಾಚಕರು ಕೊಳ್ಳುವ ಮುನ್ನ ಎರಡು ತುಂಡುಗಳನ್ನು ಮೂಲೆಗೂಡಿಸಿ ನೋಡುವುದು ಲೇಸು.

ಕೊನೆಗೆ ಬರಿಯ ನೈದಿಲೆಯ ಸಾಲುಳ್ಳ, ಕಪ್ಪುಗಂದು ಬಣ್ಣದ ಕಿರುಪಟ್ಟಿಯನ್ನು ಆರಿಸಿದೆನು. ಹೂಗಳೆಲ್ಲ ಒಳಮುಖವಾಗಿ ಚಿತ್ರದೆಡೆಗೇ ಬಾಗಿದ್ದವು. ಗಾಜು ಚಿತ್ರಕ್ಕೆ ತಗಲದಂತೆ ನಡುವೆ ರಟ್ಟಿನ ಅಂಚನ್ನು ಇಡಿಸಿದೆನು.

ಚಿತ್ರವು ಈಗ ಪಡಸಾಲೆಯಲ್ಲಿದೆ. ಮೊನ್ನೆ ಬಂದ ನಮ್ಮ ಅಕ್ಕನು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, “ಅವ್ವ ಈಗಲೇ ಮಾತಾಡುವಳೇನೋ!” ಎಂದಳು. ಚೌಕಟ್ಟಿನ ವಿಚಾರವನ್ನು ಅವಳು ಎತ್ತಲೇ ಇಲ್ಲ. ನನಗೆ ಅದಕ್ಕಿಂತ ಬೇರೆ ಮೆಚ್ಚುಗೆ ಬೇಕಿರಲಿಲ್ಲ.